ಚಳಿಗಾಲದ ಸೋಲಾರ್: ಹೆದರಬೇಕಾದ್ದು ಚಳಿಗಲ್ಲ, ತೆಂಗಿನ ಮರದ ನೆರಳಿಗೆ

ಉಳ್ಳಾಲದಿಂದ ಸುರತ್ಕಲ್‌ವರೆಗೆ, ಆಚೆ ಬಂಟ್ವಾಳ, ಪುತ್ತೂರಿನ ಕಡೆಗೂ ಈಗ ಮನೆಗಳ ಮೇಲೆ ಸೋಲಾರ್ ಪ್ಯಾನೆಲ್ ಕಾಣುವುದು ಹೊಸತಲ್ಲ. 2024ರ ಫೆಬ್ರವರಿಯಲ್ಲಿ ಕೇಂದ್ರ ಸರಕಾರದ ಪಿಎಂ ಸೂರ್ಯ ಘರ್ ಯೋಜನೆ ಬಂದ ಮೇಲೆ ಮಧ್ಯಮ ವರ್ಗದ ಮನೆಯವರೂ ಧೈರ್ಯ ಮಾಡುತ್ತಿದ್ದಾರೆ. 3 ಕಿಲೋವ್ಯಾಟ್ ಹಾಕಿಸಿದರೆ 78,000 ರೂಪಾಯಿ ಸಬ್ಸಿಡಿ ಸಿಗುತ್ತದೆ. ಉಳಿದದ್ದು ಮನೆಯವರದ್ದೇ. ಹೆಚ್ಚಿನ ಕಡೆ ಅದು ಗಲ್ಫ್‌ನಲ್ಲಿ ದುಡಿಯುವ ಮಗ ಕಳಿಸಿದ ಹಣ, ಇಲ್ಲವೇ ವರ್ಷಗಟ್ಟಲೆ ಕೂಡಿಟ್ಟ ಹಣ. ಹಾಗಾಗಿ ಒಂದು ಯೂನಿಟ್ ಕಡಿಮೆ ಬಂದರೂ ಮನೆಯಲ್ಲಿ ಲೆಕ್ಕಾಚಾರ ಶುರುವಾಗುತ್ತದೆ.

ಡಿಸೆಂಬರ್ ಹತ್ತಿರವಾದಂತೆ ನಮ್ಮಲ್ಲಿ ಹಲವರು ಕೇಳುವ ಪ್ರಶ್ನೆ ಒಂದೇ. "ಉಸ್ತಾದ್, ಚಳಿಗಾಲದಲ್ಲಿ ಸೋಲಾರ್ ಅರ್ಧಕ್ಕರ್ಧ ಕಡಿಮೆ ಆಗ್ತದಂತೆ, ಹೌದಾ? ಮೊಬೈಲಿನಲ್ಲಿ ವಿಡಿಯೋ ಬಂದಿದೆ." ವಿಡಿಯೋ ಸುಳ್ಳಲ್ಲ. ಆದರೆ ಅದು ಯಾವ ಊರಿನದ್ದು ಎಂದು ನೋಡಬೇಕು.

ಊರು ಬೇರೆ, ಬಿಸಿಲು ಬೇರೆ

ಡಿಸೆಂಬರ್ 21ರ ಆಸುಪಾಸಿಗೆ ಲಂಡನ್‌ನಲ್ಲಿ ನಡುಮಧ್ಯಾಹ್ನ ಸೂರ್ಯ ಏರುವುದು ಬರೀ 15 ಡಿಗ್ರಿ. ದಿಲ್ಲಿಯಲ್ಲಿ ಸುಮಾರು 38 ಡಿಗ್ರಿ, ಅದರ ಮೇಲೆ ದಟ್ಟ ಮಂಜು. ಅಲ್ಲಿಯವರು ಚಳಿಗಾಲಕ್ಕೆ ಹೆದರುವುದರಲ್ಲಿ ಅರ್ಥವಿದೆ. ನಮ್ಮ ಮಂಗಳೂರಿನಲ್ಲಿ ಅದೇ ದಿನ ಸೂರ್ಯ ಸುಮಾರು 54 ಡಿಗ್ರಿ ಎತ್ತರಕ್ಕೆ ಬರುತ್ತಾನೆ. ಹಗಲು ಕೂಡ ಸುಮಾರು ಹನ್ನೊಂದೂವರೆ ಗಂಟೆ ಇರುತ್ತದೆ. ಜೂನ್ ತಿಂಗಳ ಹಗಲಿಗಿಂತ ಒಂದೂವರೆ ಗಂಟೆಯಷ್ಟೇ ಕಡಿಮೆ.

ಜೂನ್‌ನಲ್ಲಿ ಹಗಲು ಉದ್ದ ಇದ್ದರೂ ಪ್ರಯೋಜನ ಏನು? ಆಕಾಶವೇ ಕಾಣುವುದಿಲ್ಲ. ಕರಾವಳಿಯಲ್ಲಿ ಪ್ಯಾನೆಲ್‌ಗೆ ನಿಜವಾದ ಕಷ್ಟಕಾಲ ಮಳೆಗಾಲ. ಜೂನ್, ಜುಲೈಯಲ್ಲಿ ಎಡೆಬಿಡದೆ ಮಳೆ ಹೊಡೆಯುವ ದಿನ 3 ಕಿಲೋವ್ಯಾಟ್ ಪ್ಯಾನೆಲ್ ಮೂರು-ನಾಲ್ಕು ಯೂನಿಟ್‌ಗೆ ಇಳಿಯುವುದೂ ಉಂಟು. ಅದೇ ಪ್ಯಾನೆಲ್ ಡಿಸೆಂಬರ್, ಜನವರಿಯ ಶುಭ್ರ ಬಿಸಿಲಿಗೆ ದಿನಕ್ಕೆ 12 ಯೂನಿಟ್ ಆಸುಪಾಸು ಕೊಡಬೇಕು. ಸರಿಯಾಗಿ ದಕ್ಷಿಣಕ್ಕೆ ಮುಖ ಮಾಡಿ ಕೂರಿಸಿದ್ದರೆ ಅದಕ್ಕಿಂತ ಹೆಚ್ಚೂ ಬರಬಹುದು.

ಇನ್ನೊಂದು ವಿಷಯ. ಪ್ಯಾನೆಲ್‌ಗೆ ಬೇಕಾದ್ದು ಬೆಳಕು, ಬಿಸಿಯಲ್ಲ. ಪ್ಯಾನೆಲ್ 25 ಡಿಗ್ರಿಗಿಂತ ಬಿಸಿಯಾದರೆ ಒಂದೊಂದು ಡಿಗ್ರಿಗೂ ಶೇ. 0.3ರಿಂದ 0.4ರಷ್ಟು ಉತ್ಪಾದನೆ ತಗ್ಗುತ್ತದೆ. ಎಪ್ರಿಲ್‌ನ ಸೆಖೆಯಲ್ಲಿ ಪ್ಯಾನೆಲ್ ಮೈ 60 ಡಿಗ್ರಿ ಮುಟ್ಟಿದರೆ ಅದರಲ್ಲೇ ಶೇ. 10ಕ್ಕಿಂತ ಹೆಚ್ಚು ಹೋಯಿತು. ನಮ್ಮಲ್ಲಿ ಚಳಿ ಅಷ್ಟೇನೂ ಇಲ್ಲ, ಆದರೂ ಡಿಸೆಂಬರ್‌ನ ಬೆಳಗಿನ ತಂಪು ಪ್ಯಾನೆಲ್‌ಗೆ ಒಳ್ಳೆಯದೇ.

ಮತ್ತೆ ಕಡಿಮೆ ಬರುವುದು ಯಾಕೆ?

ಹಾಗಿದ್ದರೂ ಕೆಲವು ಮನೆಗಳಲ್ಲಿ ಡಿಸೆಂಬರ್‌ನಲ್ಲಿ ಯೂನಿಟ್ ಕುಸಿಯುವುದು ನಿಜ. ಅದಕ್ಕೆ ಮೊದಲ ಕಾರಣ ನೆರಳು. ನೆರಳಿನ ಲೆಕ್ಕ ನಮ್ಮ ಮದ್ರಸ ಮಕ್ಕಳಿಗೂ ಗೊತ್ತು. ಳುಹರ್, ಅಸರ್ ಸಮಯ ಕಲಿಸುವಾಗ ನೆಟ್ಟ ಕೋಲಿನ ನೆರಳನ್ನೇ ಹೇಳಿಕೊಡುತ್ತೇವೆ. ಮಂಗಳೂರಿನಲ್ಲಿ ಎಪ್ರಿಲ್ ಕೊನೆಯಿಂದ ಆಗಸ್ಟ್ ಮೂರನೇ ವಾರದವರೆಗೆ ನಡುಮಧ್ಯಾಹ್ನದ ಸೂರ್ಯ ನಮ್ಮ ತಲೆಯಿಂದ ಉತ್ತರಕ್ಕೆ ಇರುತ್ತಾನೆ, ನೆರಳು ದಕ್ಷಿಣಕ್ಕೆ ಬೀಳುತ್ತದೆ. ಉಳಿದ ತಿಂಗಳು ಸೂರ್ಯ ದಕ್ಷಿಣಕ್ಕೆ, ನೆರಳು ಉತ್ತರಕ್ಕೆ. ಡಿಸೆಂಬರ್‌ನಲ್ಲಿ ಈ ನೆರಳು ವರ್ಷದಲ್ಲೇ ಅತಿ ಉದ್ದ.

ಇದನ್ನು ಮನೆಯ ಅಂಗಳಕ್ಕೆ ಹೊಂದಿಸಿ ನೋಡಿ. ಮನೆಯ ದಕ್ಷಿಣಕ್ಕೆ 12 ಮೀಟರ್ ಎತ್ತರದ ತೆಂಗಿನ ಮರ ಇದೆ ಎಂದುಕೊಳ್ಳಿ. ಮೇ ತಿಂಗಳಲ್ಲಿ ಪ್ಯಾನೆಲ್ ಕೂರಿಸಲು ಬಂದವರಿಗೆ ಅದರ ನೆರಳು ಮನೆಯ ಮೇಲೆ ಕಾಣುವುದೇ ಇಲ್ಲ. ಡಿಸೆಂಬರ್‌ನಲ್ಲಿ ಅದೇ ಮರದ ನೆರಳು ನೆಲದ ಮೇಲೆ ನಡುಮಧ್ಯಾಹ್ನಕ್ಕೆ ಸುಮಾರು 9 ಮೀಟರ್, ಬೆಳಿಗ್ಗೆ ಒಂಬತ್ತೂವರೆಗೆ 18 ಮೀಟರ್‌ಗೂ ಹೆಚ್ಚು ಉದ್ದ ಚಾಚುತ್ತದೆ. ತೆಂಗಿನ ಮಂಡೆಯ ನೆರಳು ಪ್ಯಾನೆಲ್ ಮೇಲೆ ಗಂಟೆಗಟ್ಟಲೆ ಹರಿದಾಡಬಹುದು.

ಒಂದೇ ಪ್ಯಾನೆಲ್ ಮೇಲೆ ನೆರಳು ಬಿದ್ದರೆ ಏನಾದೀತು ಎನ್ನಬೇಡಿ. ಸಾಮಾನ್ಯವಾಗಿ ಪ್ಯಾನೆಲ್‌ಗಳನ್ನು ಮಾಲೆಯಂತೆ ಒಂದಕ್ಕೊಂದು ಜೋಡಿಸಿರುತ್ತಾರೆ. ನೀರಿನ ಪೈಪನ್ನು ಒಂದು ಕಡೆ ಒತ್ತಿ ಹಿಡಿದರೆ ಇಡೀ ಪೈಪಿನ ಹರಿವು ಕಡಿಮೆಯಾಗುವುದಿಲ್ಲವೇ? ಹಾಗೆಯೇ ಒಂದರ ನೆರಳು ಉಳಿದವುಗಳನ್ನೂ ಎಳೆಯುತ್ತದೆ. ಪ್ಯಾನೆಲ್ ಒಳಗಿನ ಬೈಪಾಸ್ ಡಯೋಡ್ ಈ ನಷ್ಟವನ್ನು ಸ್ವಲ್ಪ ತಡೆಯುತ್ತದೆ, ಪೂರ್ತಿ ಅಲ್ಲ.

ಎರಡನೆಯದು ಶೀಟಿನ ಇಳಿಜಾರು. ಮಳೆಗೆ ಹೆದರಿ ನಮ್ಮವರು ಟೆರೇಸ್ ಮೇಲೆ ಶೀಟು ಹಾಕಿಸುತ್ತಾರೆ. ಪ್ಯಾನೆಲ್‌ನವರು ಬಂದು ಆ ಶೀಟಿಗೇ ಅಂಟಿದಂತೆ ಕೂರಿಸಿ ಹೋಗುತ್ತಾರೆ. ಶೀಟು ಉತ್ತರಕ್ಕೆ 20 ಡಿಗ್ರಿ ಇಳಿದಿದ್ದರೆ ಡಿಸೆಂಬರ್ ಮಧ್ಯಾಹ್ನ ಸಿಗುವ ನೇರ ಬಿಸಿಲು ಸಮತಟ್ಟಾಗಿ ಮಲಗಿಸಿದ ಪ್ಯಾನೆಲ್‌ಗಿಂತಲೂ ಸುಮಾರು ಮೂರನೇ ಒಂದರಷ್ಟು ಕಡಿಮೆ. ನಮ್ಮ ಊರಿಗೆ ದಕ್ಷಿಣಕ್ಕೆ ಮುಖ, 10ರಿಂದ 15 ಡಿಗ್ರಿ ಓರೆ ಸರಿಯಾದ ಲೆಕ್ಕ. ಹಣ ಕೊಡುವ ಮೊದಲೇ ಇದನ್ನು ಕೇಳಿ ತಿಳಿಯಬೇಕು.

ಮೂರನೆಯದು ಧೂಳು. ಮಳೆಗಾಲದಲ್ಲಿ ಪ್ಯಾನೆಲ್ ತನ್ನಷ್ಟಕ್ಕೆ ತೊಳೆದು ಹೋಗುತ್ತದೆ. ಡಿಸೆಂಬರ್‌ನಿಂದ ಮುಂದಕ್ಕೆ ಮಳೆ ಇಲ್ಲ. ರಸ್ತೆಯ ಕೆಂಪು ಧೂಳು, ಹಕ್ಕಿಗಳ ಹಿಕ್ಕೆ, ತರಗೆಲೆ ಸುಟ್ಟ ಹೊಗೆ, ಕಡಲ ಬದಿಯಲ್ಲಾದರೆ ಉಪ್ಪಿನಂಶ ಎಲ್ಲ ಸೇರಿ ಗಾಜಿನ ಮೇಲೆ ಪದರ ಕಟ್ಟುತ್ತದೆ. ಎರಡು ವಾರಕ್ಕೊಮ್ಮೆ ಬೆಳ್ಳಂಬೆಳಿಗ್ಗೆ ಬರೀ ನೀರು, ಮೆತ್ತಗಿನ ಬಟ್ಟೆಯಲ್ಲಿ ಒರೆಸಿದರೆ ಸಾಕು. ಸೋಪಿನ ಹುಡಿ, ಪಾತ್ರೆ ತಿಕ್ಕುವ ಸ್ಕ್ರಬ್ಬರ್ ಬೇಡ. ನಡುಮಧ್ಯಾಹ್ನ ಕಾದ ಗಾಜಿಗೆ ತಣ್ಣೀರು ಹೊಡೆಯಲೇಬಾರದು. ಶೀಟಿನ ಮೇಲೆ ಮಕ್ಕಳನ್ನು ಹತ್ತಿಸಬೇಡಿ. ಬೆಳಕು ಇರುವಷ್ಟು ಹೊತ್ತು ಪ್ಯಾನೆಲ್‌ನ ವಯರ್‌ನಲ್ಲಿ ಕರೆಂಟ್ ಇರುತ್ತದೆ, ಮೈನ್ ಸ್ವಿಚ್ ತೆಗೆದರೂ ಇರುತ್ತದೆ.

ರಮಝಾನ್ ತಿಂಗಳ ಲೆಕ್ಕ

2026, 2027ರಲ್ಲಿ ರಮಝಾನ್ ಶುರುವಾಗುವುದು ಫೆಬ್ರವರಿಯಲ್ಲೇ. ಅಂದರೆ ಬಿಸಿಲು ಚೆನ್ನಾಗಿರುವ ತಿಂಗಳು. ಆದರೆ ಆ ತಿಂಗಳು ನಮ್ಮ ಮನೆಗಳಲ್ಲಿ ಕರೆಂಟ್ ಖರ್ಚಾಗುವುದು ಹೆಚ್ಚಾಗಿ ಕತ್ತಲೆಯಲ್ಲಿ. ಸಹರಿಗೆ ಎದ್ದಾಗ ಲೈಟು, ಮಿಕ್ಸಿ. ಇಫ್ತಾರ್ ನಂತರ ತರಾವೀಹ್ ಮುಗಿಯುವವರೆಗೆ ಫ್ಯಾನು, ಕೆಲವು ಕಡೆ ಎಸಿ. ಪ್ಯಾನೆಲ್ ದುಡಿಯುವ ಹೊತ್ತಿಗೆ ಅಡುಗೆಮನೆ ಸುಮ್ಮನಿರುತ್ತದೆ.

ನೆಟ್ ಮೀಟರ್ ಇದ್ದವರು ಚಿಂತಿಸಬೇಕಾಗಿಲ್ಲ. ಹಗಲು ಮೆಸ್ಕಾಂ ಲೈನಿಗೆ ಹೋದ ಯೂನಿಟ್ ಬಿಲ್ಲಿನಲ್ಲಿ ಜಮೆಯಾಗಿ ರಾತ್ರಿಯ ಬಳಕೆಯಿಂದ ಕಳೆಯುತ್ತದೆ. ಆದರೆ ಬ್ಯಾಟರಿ ಇಲ್ಲದ ಆನ್‌ಗ್ರಿಡ್ ಸೋಲಾರ್, ಲೈನಿನಲ್ಲಿ ಕರೆಂಟ್ ಹೋದರೆ ತಾನೂ ನಿಲ್ಲುತ್ತದೆ. ಲೈನ್‌ಮ್ಯಾನ್ ಜೀವ ಕಾಪಾಡಲು ಮಾಡಿದ ವ್ಯವಸ್ಥೆ ಅದು. "ಇಷ್ಟು ಖರ್ಚು ಮಾಡಿ ಕರೆಂಟ್ ಹೋದಾಗ ಫ್ಯಾನ್ ತಿರುಗುದಿಲ್ವಲ್ಲ" ಎಂದು ಆಮೇಲೆ ಬೇಸರಪಟ್ಟು ಫಲವಿಲ್ಲ. ಬ್ಯಾಟರಿ ಬೇಕೋ ಬೇಡವೋ ಮೊದಲೇ ತೀರ್ಮಾನಿಸಬೇಕು.

ಪುಸ್ತಕದಲ್ಲಿ ಬರೆದಿಡಿ

ಈಗ ಜುಬೈಲ್‌ನಲ್ಲಿ ಕುಳಿತ ಮಗ ಆ್ಯಪ್ ತೆರೆದು ಊರಿನ ಪ್ಯಾನೆಲ್ ಎಷ್ಟು ಕೊಟ್ಟಿತು ಎಂದು ನೋಡುತ್ತಾನೆ. ಗ್ರಾಫ್ ಕೆಳಗೆ ಬಂದರೆ ಅಲ್ಲಿಂದಲೇ ಫೋನ್. ಇಲ್ಲಿ ಉಮ್ಮನಿಗೆ ಏನು ಹೇಳಬೇಕೆಂದು ಗೊತ್ತಾಗುವುದಿಲ್ಲ. ಅದಕ್ಕೆ ನಾವು ಹೇಳುವುದು ಇಷ್ಟೇ. ಒಂದು ನೋಟ್ ಪುಸ್ತಕದಲ್ಲಿ ದಿನಾ ಸಂಜೆ ಇನ್‌ವರ್ಟರ್ ತೋರಿಸುವ ಯೂನಿಟ್ ಬರೆದಿಡಿ. ಪಕ್ಕದಲ್ಲಿ ಬಿಸಿಲೋ ಮೋಡವೋ ಎಂದೂ ಬರೆಯಿರಿ. ಮೋಡದ ದಿನ ಕಡಿಮೆ ಬಂದರೆ ಅದು ಸಹಜ. ಒಳ್ಳೆಯ ಬಿಸಿಲಿದ್ದೂ ವಾರವಿಡೀ 3 ಕಿಲೋವ್ಯಾಟ್‌ಗೆ 8 ಯೂನಿಟ್ ದಾಟದಿದ್ದರೆ ಮೊದಲು ಒರೆಸಿ. ಆಮೇಲೆ ಬೆಳಿಗ್ಗೆ ಒಂಬತ್ತು, ಮಧ್ಯಾಹ್ನ ಹನ್ನೆರಡೂವರೆ, ಸಂಜೆ ನಾಲ್ಕಕ್ಕೆ ನೆರಳು ಎಲ್ಲಿ ಬೀಳುತ್ತದೆಂದು ಫೋಟೊ ತೆಗೆದಿಡಿ. ಎರಡರಲ್ಲೂ ದೋಷ ಇಲ್ಲವೆಂದಾದರೆ ಹಾಕಿಸಿದವರನ್ನು ಕರೆಯಿರಿ. ಬರೆದಿಟ್ಟ ಲೆಕ್ಕ ಎದುರಿಗಿದ್ದರೆ "ಚಳಿಗಾಲ ಅಲ್ವಾ, ಹಾಗೇ" ಎಂದು ಹೇಳಿ ಅವರು ಜಾರಿಕೊಳ್ಳುವಂತಿಲ್ಲ.

ನೆರಳು ಕೊಡುವ ಮರ ಹೆಚ್ಚಾಗಿ ನೆರೆಮನೆಯವರದ್ದೇ ಆಗಿರುತ್ತದೆ. ನಾಲ್ಕು ಯೂನಿಟ್‌ಗಾಗಿ ನಾಲ್ಕು ತಲೆಮಾರಿನ ನೆರೆಹೊರೆ ಕೆಡಿಸಿಕೊಳ್ಳುವುದು ಬೇಡ. ಫಲ ಕೊಡುವ ಮರ ಕಡಿಸುವುದೂ ಬೇಡ. ಎರಡು ಪ್ಯಾನೆಲ್‌ಗಳ ಜಾಗ ಬದಲಿಸಿದರೆ ಹಲವು ಕಡೆ ಸಮಸ್ಯೆ ಮುಗಿಯುತ್ತದೆ. ಇನ್ನೂ ಹಾಕಿಸದವರಿಗಂತೂ ಇದೇ ಒಳ್ಳೆಯ ಸಮಯ. ವರ್ಷದ ಅತಿ ಉದ್ದದ ನೆರಳು ಈಗಲೇ ಬೀಳುತ್ತಿದೆ. ಈ ತಿಂಗಳು ಟೆರೇಸ್‌ನಲ್ಲಿ ಯಾವ ಜಾಗಕ್ಕೆ ಬೆಳಿಗ್ಗೆ ಹತ್ತರಿಂದ ಮೂರರವರೆಗೆ ಬಿಸಿಲು ತಪ್ಪುವುದಿಲ್ಲವೋ ಅಲ್ಲಿ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಪ್ಯಾನೆಲ್‌ನವರಿಗೆ ಅದನ್ನೇ ತೋರಿಸಿ.