ಹಳೆಯ ಎಂಜಿನ್ನಿನ ಪೂರ್ವಾಶ್ರಮ

ಸೇಲಂ ಸೀಮೆಯೆಂದೊಡನೆ ಮಾವಿನ ಹಣ್ಣು, ಉಕ್ಕಿನ ಕಾರ್ಖಾನೆ, ಏರ್ಕಾಡಿನ ತಂಪು ಇವು ನೆನಪಾಗುವುದು ಸಹಜವಾದರೂ, ಮೋಟಾರಿನ ಕಸುಬನ್ನು ಬಲ್ಲವರಿಗೆ ಅದು ಬೇರೊಂದು ಕಾರಣಕ್ಕಾಗಿ ಪರಿಚಿತವಾದ ನಾಡು. 1965ರಲ್ಲಿ ಧರ್ಮಪುರಿಯೂ 1997ರಲ್ಲಿ ನಾಮಕ್ಕಲ್ಲೂ ಪ್ರತ್ಯೇಕ ಜಿಲ್ಲೆಗಳಾಗುವ ಮುಂಚೆ ಒಂದೇ ಆಡಳಿತಕ್ಕೆ ಒಳಪಟ್ಟಿದ್ದ ಈ ವಿಸ್ತಾರದಲ್ಲಿ, ಲಾರಿಗಳಿಗೆ ಒಡಲು ಕಟ್ಟುವ ನಾಮಕ್ಕಲ್, ಲಾರಿ ಮಾಲೀಕರ ಊರಾದ ಸಂಕಗಿರಿ, ಕೊಳವೆ ಬಾವಿ ಕೊರೆಯುವ ಲಾರಿಗಳನ್ನು ದೇಶದ ಮೂಲೆಮೂಲೆಗೂ ಕಳುಹುವ ತಿರುಚೆಂಗೋಡು ಇವೆಲ್ಲ ಒತ್ತೊತ್ತಾಗಿ ನೆಲೆಗೊಂಡಿವೆ. ನಮ್ಮ ಬಯಲುಸೀಮೆಯ ಹಳ್ಳಿಗೆ ಬೋರು ಕೊರೆಯಲು ಬಂದ ಲಾರಿಯ ನಂಬರನ್ನು ಗಮನಿಸಿದವರಿಗೆ ಈ ಮಾತು ಹೊಸದಲ್ಲ. ಗಾಡಿಗಳು ಹೆಚ್ಚಿದ ಕಡೆ ಅವುಗಳ ವೈದ್ಯರೂ ಹೆಚ್ಚುವರು. ಸಿಲಿಂಡರನ್ನು ಕೊರೆಯುವ, ಕ್ರ್ಯಾಂಕನ್ನು ಅರೆಯುವ, ಡೀಸೆಲ್ ಪಂಪನ್ನು ಹದಗೊಳಿಸುವ ಲೇತ್ ಅಂಗಡಿಗಳು ಇಲ್ಲಿ ಬೆಳೆದುಬಂದುದು ಹೀಗೆ. ನೊಳಂಬರ ಕನ್ನಡ ಶಾಸನಗಳನ್ನುಳ್ಳ ಧರ್ಮಪುರಿಯಲ್ಲಿಯೂ, ಕನ್ನಡ ಮನೆಮಾತಿನ ದೇವಾಂಗರು ಮಗ್ಗ ಹೂಡಿದ ಸೇಲಮ್ಮಿನಲ್ಲಿಯೂ ಕಾರಿಟ್ಟುಕೊಂಡ ನಮ್ಮ ಮಂದಿ ಎಂಜಿನ್ ಕೆಟ್ಟಾಗ ಎದುರಿಸುವ ಪ್ರಶ್ನೆ ಒಂದೇ: ಇದ್ದುದನ್ನು ಬಿಚ್ಚಿಸಿ ಕಟ್ಟಿಸುವುದೋ, ತಮಿಳರು ಕಾಯಲಾಂಗಡೈ ಎನ್ನುವ ಗುಜರಿ ಅಂಗಡಿಯಿಂದ ಹಳೆಯದೊಂದನ್ನು ತಂದು ಕೂರಿಸುವುದೋ?

ಎರಡನೆಯ ದಾರಿ ಅಗ್ಗವಾಗಿಯೂ ಶೀಘ್ರವಾಗಿಯೂ ಕಾಣುವುದರಿಂದ ಬಹುಜನರು ಅದನ್ನೇ ಹಿಡಿಯುತ್ತಾರೆ. ಸಂನ್ಯಾಸಿಯ ಪೂರ್ವಾಶ್ರಮವನ್ನು ವಿಚಾರಿಸಬಾರದೆಂಬುದು ಶಿಷ್ಟಾಚಾರ. ಗುಜರಿಯಲ್ಲಿ ಕುಳಿತ ಎಂಜಿನ್ನಿನದನ್ನು ವಿಚಾರಿಸದಿದ್ದರೆ ಮಾತ್ರ ಕೇಡು ತಪ್ಪದು. ಅಪಘಾತದಲ್ಲಿ ಹಿಂಭಾಗ ಜಜ್ಜಿಹೋಗಿ ಎಂಜಿನ್ ಮಾತ್ರ ಅಕ್ಷತವಾಗುಳಿದ ಕಾರಿನದಾದರೆ ಅದು ಗಿರಾಕಿಯ ಪುಣ್ಯ. ಆದರೆ ಅಪಘಾತದ ಎಂಜಿನ್ನೆಲ್ಲ ಹಾಗಿರುವುದಿಲ್ಲ. ರೇಡಿಯೇಟರ್ ಒಡೆದ ಮೇಲೂ ನೀರಿಲ್ಲದೆ ಕೆಲವು ನಿಮಿಷ ಓಡಿದುದಾದರೆ ಅಲ್ಯುಮಿನಿಯಮ್ಮಿನ ಹೆಡ್ಡು ಕಣ್ಣಿಗೆ ಕಾಣದಷ್ಟು ಬಾಗಿರುತ್ತದೆ. 2015ರ ಡಿಸೆಂಬರಿನಲ್ಲಿ ಚೆನ್ನೈ ನಗರವನ್ನು ಮುಳುಗಿಸಿದ ಪ್ರವಾಹದಂಥ ಸಂದರ್ಭದಲ್ಲಿ ನೀರು ಕುಡಿದ ಎಂಜಿನ್ನಿನ ವಿಚಾರ ಇನ್ನೂ ಸೂಕ್ಷ್ಮ: ನೀರು ಗಾಳಿಯಂತೆ ಅದುಮಿದರೆ ಅಡಗುವ ಪದಾರ್ಥವಲ್ಲವಾದುದರಿಂದ, ಸಿಲಿಂಡರಿನೊಳಗೆ ನೀರಿರುವಾಗಲೇ ಯಾರೋ ಸ್ಟಾರ್ಟ್ ಮಾಡಲೆಳಸಿದ್ದರೆ ಕನೆಕ್ಟಿಂಗ್ ರಾಡು ಕೊಂಚ ಬಗ್ಗಿ, ಅಂಥ ಎಂಜಿನ್ ಒಣಗಿದ ಮೇಲೆ ಸರಾಗವಾಗಿ ಓಡಿ, ಎಷ್ಟೋ ತಿಂಗಳುಗಳಾದ ಬಳಿಕ ಒಂದು ದಿನ ಹೊಟ್ಟೆಯೊಡೆದುಕೊಳ್ಳಬಹುದು.

ಮಾರುವವನ ಅಲಂಕಾರಕಲೆಯೂ ಸಾಮಾನ್ಯವಾದುದಲ್ಲ. ಹೊಸದಾಗಿ ಬಳಿದ ಬೆಳ್ಳಿಬಣ್ಣ ಎಣ್ಣೆ ಜಿನುಗಿದ ಗುರುತನ್ನೆಲ್ಲ ಮುಚ್ಚುತ್ತದೆ; ಒಳಗೆ ಸುರಿದ ಮಂದವಾದ ಎಣ್ಣೆ ಸವೆದ ಬೇರಿಂಗಿನ ಬಡಿತವನ್ನು ತಕ್ಕಮಟ್ಟಿಗೆ ಅಡಗಿಸುತ್ತದೆ. ಗಿರಾಕಿ ಬರುವ ಮುಂಚೆಯೇ ಓಡಿಸಿ ಬೆಚ್ಚಗಾಗಿಸಿಟ್ಟ ಎಂಜಿನ್ ಅರ್ಧ ಸೆಲ್ಫಿಗೇ ಎದ್ದುನಿಲ್ಲುವುದನ್ನು ಕಂಡು ಮೋಹಿತರಾಗುವವರು ಅನೇಕರು. ಅನುಭವಿಯಾದ ಮೇಸ್ತ್ರಿಯಾದರೋ ಮೊದಲು ಎಂಜಿನ್ನನ್ನು ಕೈಯಿಂದ ಮುಟ್ಟಿ ನೋಡಿ, ಬಿಸಿಯಿದ್ದರೆ ತಣ್ಣಗಾಗುವವರೆಗೆ ಚಹಾ ಕುಡಿಯಲು ಹೋಗುತ್ತಾನೆ. ತಣ್ಣಗಿದ್ದ ಎಂಜಿನ್ ಎದ್ದಾಗ ನೀಲಿ ಹೊಗೆ ಬಂದರೆ ಎಣ್ಣೆ ಉರಿಯುತ್ತಿದೆಯೆಂದೂ, ಬಿಸಿಯೇರಿದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ನೀರು ಒಳನುಗ್ಗುತ್ತಿರಬಹುದೆಂದೂ, ಎಣ್ಣೆಯ ಮುಚ್ಚಳದ ಒಳಬದಿಯಲ್ಲಿ ಹಾಲು ಬೆರೆತ ಕಾಫಿಯ ಬಣ್ಣದ ಜಿಡ್ಡಿದ್ದರೆ ಎಣ್ಣೆಗೂ ನೀರಿಗೂ ಸಂಸರ್ಗವಾಗಿದೆಯೆಂದೂ ಅವನು ತಿಳಿಯುತ್ತಾನೆ. ಇಷ್ಟಾದರೂ ಕಿವಿ ಮತ್ತು ಕಣ್ಣುಗಳ ಸಾಕ್ಷ್ಯವನ್ನು ನಾನು ಪೂರ್ಣವಾಗಿ ನಂಬಲಾರೆ. ಕಂಪ್ರೆಷನ್ ಗೇಜು ಹಾಕಿ ಅಳೆಯಲೇಬೇಕು; ಪೆಟ್ರೋಲ್ ಎಂಜಿನ್ನಿನಲ್ಲಿ ಚದರ ಅಂಗುಲಕ್ಕೆ ಸಾಮಾನ್ಯವಾಗಿ 150ರಿಂದ 180 ಪೌಂಡ್, ಡೀಸೆಲ್ಲಿನಲ್ಲಿ 350ಕ್ಕೂ ಮಿಗಿಲು ಒತ್ತಡವಿರಬೇಕೆಂಬುದಕ್ಕಿಂತ, ಒಂದು ಸಿಲಿಂಡರಿಗೂ ಇನ್ನೊಂದಕ್ಕೂ ಹೆಚ್ಚು ಅಂತರವಿರಬಾರದೆಂಬುದೇ ಮುಖ್ಯ. ಗೇಜು ಹಾಕಲು ಬಿಡೆನೆನ್ನುವ ಅಂಗಡಿಯಿಂದ ಹಿಂತಿರುಗುವುದೇ ಲೇಸು.

ಅಂಬಾಸಡರ್, ಪದ್ಮಿನಿಗಳ ಕಾಲದಲ್ಲಿ ಈ ವ್ಯವಹಾರ ಇಷ್ಟು ಜಟಿಲವಾಗಿರಲಿಲ್ಲ. ಮಾರುತಿ 800ರ ಮೂರು ಸಿಲಿಂಡರಿನ 796 ಸಿ.ಸಿ. ಎಂಜಿನ್ನು ಸಹ ಕಾರ್ಬುರೇಟರ್ ಇದ್ದಷ್ಟು ದಿನ ಯಾವ ಊರಿನಲ್ಲಾದರೂ ಒಗ್ಗುತ್ತಿತ್ತು. ಈಗ ಹಾಗಲ್ಲ. ಫಿಯಟ್ ಸಂಸ್ಥೆ ರೂಪಿಸಿದ 1248 ಸಿ.ಸಿ. ಡೀಸೆಲ್ ಎಂಜಿನ್ ಮಾರುತಿ ಸ್ವಿಫ್ಟಿನಲ್ಲಿಯೂ, ಟಾಟಾ ಇಂಡಿಕಾ ವಿಸ್ಟಾದಲ್ಲಿಯೂ, ಫಿಯಟ್ ಪುಂಟೋದಲ್ಲಿಯೂ ಇದ್ದುದರಿಂದ "ಎಲ್ಲವೂ ಒಂದೇ ಸಾರ್" ಎಂಬ ಮಾತು ಗುಜರಿಯಲ್ಲಿ ಸುಲಭವಾಗಿ ಹುಟ್ಟುತ್ತದೆ; ಆದರೆ 75 ಅಶ್ವಶಕ್ತಿಯದರ ಟರ್ಬೋ ಬೇರೆ, 90ರದು ಬೇರೆ; ಕಬ್ಬಿಣ ಒಂದಾದರೂ ತಂತಿ, ಸೆನ್ಸರ್, ನಿಯಂತ್ರಣದ ಇ.ಸಿ.ಯು. ಪೆಟ್ಟಿಗೆ ಒಂದಲ್ಲ. ಇಂಜೆಕ್ಟರುಗಳ ಸಂಕೇತಾಂಕಗಳನ್ನು ಆ ಪೆಟ್ಟಿಗೆಗೆ ತಿಳಿಸದಿದ್ದರೆ ಎಂಜಿನ್ ನಡುಗುತ್ತದೆ. ಪೆಟ್ಟಿಗೆಯನ್ನೇ ಬದಲಿಸಿದರೆ ಕಾರಿನ ಬೀಗದ ಕೈ ತನ್ನದಲ್ಲವೆಂದು ಅದು ಮುಷ್ಕರ ಹೂಡುತ್ತದೆ. ಹೇಳಿದ ಬೆಲೆಯಲ್ಲಿ ಟರ್ಬೋ, ಆಲ್ಟರ್ನೇಟರ್, ಸೆಲ್ಫ್ ಮೋಟಾರು ಸೇರಿವೆಯೋ, ಬ್ಲಾಕು ಪಿಸ್ಟನ್ನುಗಳ ಹಾಫ್ ಎಂಜಿನ್ ಮಾತ್ರವೋ ಎಂಬುದನ್ನು ಮೊದಲೇ ಕೇಳದವರು ಅಗ್ಗದ ಎಂಜಿನ್ನಿನ ಮೇಲೆ ತುಟ್ಟಿಯ ಸಾಮಾನು ಕೊಳ್ಳುತ್ತಾ ಹೋಗುತ್ತಾರೆ.

ಲೋಹದ ಪರೀಕ್ಷೆಯಾದ ಮೇಲೆ ಕಾಗದದ್ದು. ಎಂಜಿನ್ ನಂಬರು ಆರ್.ಸಿ. ಪುಸ್ತಕದಲ್ಲಿ ದಾಖಲಾಗಿರುವುದರಿಂದ, 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನಂತೆ, ಎಂಜಿನ್ ಬದಲಾಯಿಸಿದಲ್ಲಿ 14 ದಿನಗಳೊಳಗೆ ಸಾರಿಗೆ ಕಚೇರಿಗೆ ವರದಿಮಾಡಬೇಕು. ಕಾರಿನ ಮೇಲೆ ಹೈರ್ ಪರ್ಚೇಸ್ ಸಾಲವಿದ್ದರೆ ಸಾಲ ಕೊಟ್ಟವರ ಲಿಖಿತ ಒಪ್ಪಿಗೆಯೂ ಬೇಕು. ನಂಬರಿದ್ದೆಡೆ ಉಜ್ಜಿದ ಗುರುತಿದ್ದರೆ, ಅಂಕಿಗಳು ವಕ್ರವಾಗಿ ಮರುಗುದ್ದಿದಂತಿದ್ದರೆ, ಎಷ್ಟೇ ಸೊಗಸಾಗಿ ಓಡಿದರೂ ಅದನ್ನು ಮುಟ್ಟಬಾರದು. ಕದ್ದ ಮಾಲೆಂದು ತಿಳಿದೂ ಕೊಂಡುದು ಅಪರಾಧ, ತಿಳಿಯದೆ ಕೊಂಡವನಿಗೂ ಠಾಣೆಯ ಅಲೆದಾಟ ತಪ್ಪದು. ನಂಬರು ನಮೂದಿಸಿದ ರಸೀದಿಯನ್ನೂ, ಮೂಲವಾಹನದ ನೋಂದಣಿ ರದ್ದಾದುದಕ್ಕೆ ದಾಖಲೆಯನ್ನೂ ಕೇಳಿದಾಗ ಅಂಗಡಿಯವನ ಮುಖಭಾವ ಹೇಗೆ ಬದಲಾಗುವುದೆಂಬುದನ್ನು ಗಮನಿಸುವುದೂ ಒಂದು ಪರೀಕ್ಷೆಯೇ.

ನನ್ನನ್ನು ಕೇಳಿದರೆ, ಸ್ವಂತ ಎಂಜಿನ್ನಿನ ಬ್ಲಾಕು ಸೀಳಿರದಿದ್ದರೆ ಗುಜರಿಯ ಕಡೆ ತಲೆಹಾಕದೆ ಲೇತಿನವನ ಬಳಿಗೆ ಹೋಗುವುದೇ ಈ ಸೀಮೆಯಲ್ಲಿ ವಿವೇಕ. ಸವೆದ ಸಿಲಿಂಡರನ್ನು ಕೊರೆದು ದೊಡ್ಡಳತೆಯ ಪಿಸ್ಟನ್ ಹಾಕುವುದು, ಕ್ರ್ಯಾಂಕನ್ನು ಅಂಗುಲದ ಸಾವಿರದ ಹತ್ತೋ ಇಪ್ಪತ್ತೋ ಭಾಗದಷ್ಟು ಅರೆದು ಅದಕ್ಕೆ ತಕ್ಕ ಬೇರಿಂಗ್ ಕೂರಿಸುವುದು ಇಲ್ಲಿಯವರಿಗೆ ನಿತ್ಯಕರ್ಮ. ನಂಬರು ಬದಲಾಗದು, ಚರಿತ್ರೆಯೂ ಗೊತ್ತಿರುವುದೇ. ಖರ್ಚು ಹೆಚ್ಚೆಂಬುದು ನಿಜ, ಕೆಲವು ವಾರಗಳ ವಿಳಂಬವೂ ನಿಜ.

ಆದರೂ ಕೊಂಡೇ ತೀರುವೆನೆನ್ನುವವರು ಕೂರಿಸಿದ ವಾರದೊಳಗೇ ಕಾರನ್ನು ಸೇಲಂ ಕಡೆಯಿಂದ ಧರ್ಮಪುರಿಗೆ ತೊಪ್ಪೂರು ಘಟ್ಟದ ಮೇಲೆ, ಅಥವಾ ಇಪ್ಪತ್ತು ತಿರುವುಗಳ ಏರ್ಕಾಡು ರಸ್ತೆಯಲ್ಲಿ, ನಾಲ್ಕು ಮಂದಿಯನ್ನು ಕೂರಿಸಿಕೊಂಡು ಹತ್ತಿಸಬೇಕು. ಸೋರುವ ಹೆಡ್ ಗ್ಯಾಸ್ಕೆಟ್ ಸಮತಲದಲ್ಲಿ ಬಾಯಿಬಿಡದಿದ್ದರೂ ಏರಿನಲ್ಲಿ ಬಿಸಿಯ ಮುಳ್ಳನ್ನು ಮೇಲೆತ್ತಿ ತನ್ನನ್ನು ತಾನೇ ಹೇಳಿಕೊಳ್ಳುತ್ತದೆ. ಮುಳ್ಳು ಏರಿದರೆ ಮೇಸ್ತ್ರಿಗೆ ಹೆಡ್ ಬಿಚ್ಚುವ ಆತುರವಿರುತ್ತದೆ, ಬಿಚ್ಚಗೊಡಬಾರದು. ಮಾರಿದವನು ಬೋಲ್ಟುಗಳ ಮೇಲೆ ಬಣ್ಣದ ಗುರುತಿಟ್ಟಿದ್ದರೆ ಆ ಗುರುತು ಅಳಿದ ಕ್ಷಣವೇ ಅವನ ಗ್ಯಾರಂಟಿಯೂ ಅಳಿದಂತೆ.