ನವಸಾರಿಯ ಕಾಳಗ

ಹೂವಿನಹಡಗಲಿ ತಾಲ್ಲೂಕಿನ ಹಿರೇಹಡಗಲಿಯ ಹೆಸರು ಇತಿಹಾಸಜ್ಞರ ವಲಯದಲ್ಲಿ ಪ್ರಸಿದ್ಧವಾಗಿರುವುದು ಅಲ್ಲಿಯ ಕಲ್ಲೇಶ್ವರನ ಗುಡಿಯಿಂದ ಮಾತ್ರವೇ ಅಲ್ಲ. ಪಲ್ಲವ ಶಿವಸ್ಕಂದವರ್ಮನು ಪ್ರಾಕೃತದಲ್ಲಿ ಬರೆಯಿಸಿಕೊಟ್ಟ ತಾಮ್ರಶಾಸನವೊಂದು ಅಲ್ಲಿ ದೊರೆತು, ಆ ರಾಜವಂಶದ ಆದಿಕಾಲದ ಮೇಲೆ ಬೆಳಕು ಚೆಲ್ಲಿದುದರಿಂದಲೂ ಹೌದು. ಭೂಮಿಯನ್ನು ಕೊಟ್ಟವರಾರು, ಪಡೆದವರಾರು, ಅದಕ್ಕೆ ತಪ್ಪಿದರೆ ಬರುವ ಪಾಪವೇನು ಎಂಬಷ್ಟನ್ನೇ ಹೇಳಲು ಹುಟ್ಟಿದ ಇಂಥ ದಾನಪತ್ರಗಳು, ದಾತೃವಿನ ವಂಶವನ್ನು ಕೀರ್ತಿಸುವ ಸಂದರ್ಭದಲ್ಲಿ, ಬೇರೆಲ್ಲಿಯೂ ಉಳಿಯದ ಸಂಗತಿಗಳನ್ನು ನಮಗಾಗಿ ಕಾಪಾಡಿಟ್ಟಿವೆ. ಗುಜರಾತಿನ ನವಸಾರಿಯಲ್ಲಿ ದೊರೆತ ಅಂಥದೇ ಒಂದು ತಾಮ್ರಪಟವು, ಬಾದಾಮಿಯ ಚಾಲುಕ್ಯ ಮನೆತನದ ಒಂದು ಕಿರಿಯ ಶಾಖೆಯು, ಸ್ಪೇನಿನಿಂದ ಸಿಂಧೂ ನದಿಯವರೆಗೆ ಹಬ್ಬಿದ್ದ ಖಲೀಫರ ಸಾಮ್ರಾಜ್ಯದ ಸೇನೆಯನ್ನು ದಕ್ಷಿಣಾಪಥದ ಹೊಸ್ತಿಲಲ್ಲಿಯೇ ತಡೆದು ಹಿಂದಿರುಗಿಸಿದ ವೃತ್ತಾಂತವನ್ನು ಹೇಳುತ್ತದೆ. ಇಮ್ಮಡಿ ಪುಲಕೇಶಿಯು ಹರ್ಷನನ್ನು ನರ್ಮದೆಯ ಬಳಿ ತಡೆದುದನ್ನು ಕನ್ನಡದ ಮಕ್ಕಳೆಲ್ಲ ಬಲ್ಲರು; ಅವನ ಹೆಸರನ್ನೇ ಹೊತ್ತ ಮೊಮ್ಮಗನ ಸಾಹಸವು ಅದಕ್ಕಿಂತ ಕಡಮೆಯದಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ.

ಪಲ್ಲವರ ಆಕ್ರಮಣದಿಂದ ನೆಲಕಚ್ಚಿದ್ದ ರಾಜ್ಯವನ್ನು ಮತ್ತೆ ಎತ್ತಿ ನಿಲ್ಲಿಸಿದ ಒಂದನೆಯ ವಿಕ್ರಮಾದಿತ್ಯನು, ತನ್ನ ತಮ್ಮನಾದ ಧರಾಶ್ರಯ ಜಯಸಿಂಹವರ್ಮನಿಗೆ ಲಾಟದೇಶದ, ಎಂದರೆ ಇಂದಿನ ದಕ್ಷಿಣ ಗುಜರಾತಿನ, ಅಧಿಕಾರವನ್ನು ವಹಿಸಿಕೊಟ್ಟನು. ಜಯಸಿಂಹನ ಮಕ್ಕಳಲ್ಲಿ ಯುವರಾಜ ಶ್ರ್ಯಾಶ್ರಯ ಶೀಲಾದಿತ್ಯನ ಶಾಸನಗಳು ಕ್ರಿ.ಶ. 671ರಿಂದಲೇ ದೊರೆಯುತ್ತವೆ, ಮಂಗಲರಸನ ಶಾಸನವೊಂದು 731ರದು, ಅವನ ಬಳಿಕ ಬಂದವನೇ ನಮ್ಮ ಕಥಾನಾಯಕನಾದ ಅವನಿಜನಾಶ್ರಯ ಪುಲಕೇಶಿ. ಬಾದಾಮಿಯ ಸಿಂಹಾಸನಕ್ಕೆ ಇವರು ಹಕ್ಕುದಾರರಾಗಿರಲಿಲ್ಲ. ದೂರದ ಗಡಿಯನ್ನು ಕಾಯುವುದೇ ಇವರ ಪಾಲಿಗೆ ಬಂದ ಕಾರ್ಯವಾಗಿದ್ದಿತು.

ಆ ಗಡಿಯ ಆಚೆಗೆ ಅಷ್ಟರಲ್ಲಿ ಲೋಕವೇ ಬದಲಾಗಿ ಹೋಗಿದ್ದಿತು. ಡಮಾಸ್ಕಸ್ಸಿನಿಂದ ಆಳುತ್ತಿದ್ದ ಉಮಯ್ಯದ್ ಖಲೀಫರ ಸೇನಾನಿ ಮುಹಮ್ಮದ್ ಬಿನ್ ಖಾಸಿಮನು 712ರ ಹೊತ್ತಿಗೆ ಸಿಂಧ್ ದೇಶವನ್ನು ಗೆದ್ದುಕೊಂಡಿದ್ದನು. 724ರಲ್ಲಿ ಖಲೀಫನಾದ ಹಿಷಾಮನ ಕಾಲದಲ್ಲಿ ಸಿಂಧಿನ ಅಧಿಪತಿಯಾಗಿದ್ದ ಜುನೈದನ ದಂಡುಗಳು ಮಾಳವ, ಭರುಚ್, ಗುರ್ಜರ ದೇಶಗಳವರೆಗೆ ನುಗ್ಗಿದುವೆಂದು ಅರಬ್ ಇತಿಹಾಸಕಾರ ಬಲಾಧುರಿಯೇ ಬರೆದಿದ್ದಾನೆ. ಸಿಂಧಿನಿಂದ ಕಚ್ಛ, ಅಲ್ಲಿಂದ ಸೌರಾಷ್ಟ್ರ, ಅಲ್ಲಿಂದ ಭರುಚ್ ಎಂದು ದಾರಿಯನ್ನು ನೋಡಿದರೆ, ನರ್ಮದೆ ತಾಪಿಗಳನ್ನು ದಾಟಿದೊಡನೆ ಎದುರಾಗುವುದು ನವಸಾರಿ.

ಕಲಚುರಿ ಸಂವತ್ಸರ 490ರಲ್ಲಿ, ಎಂದರೆ ಕ್ರಿ.ಶ. 738–39ರಲ್ಲಿ, ಬ್ರಾಹ್ಮಣನೊಬ್ಬನಿಗೆ ಗ್ರಾಮವೊಂದನ್ನು ದಾನ ಕೊಡುತ್ತ ಪುಲಕೇಶಿಯು ಬರೆಯಿಸಿದ ಸಂಸ್ಕೃತ ಶಾಸನವು ಈ ದಾರಿಯನ್ನೇ ಹೆಜ್ಜೆಹೆಜ್ಜೆಯಾಗಿ ಎಣಿಸುತ್ತದೆ. ಸೈಂಧವ, ಕಚ್ಛೇಲ್ಲ, ಸೌರಾಷ್ಟ್ರ, ಚಾವೋಟಕ, ಮೌರ್ಯ, ಗುರ್ಜರ ಮುಂತಾದ ಅರಸರನ್ನು ಧ್ವಂಸಗೊಳಿಸಿದ ತಾಜಿಕರ, ಎಂದರೆ ಅರಬ್ಬರ, ಸೈನ್ಯವು ದಕ್ಷಿಣದ ರಾಜರೆಲ್ಲರನ್ನೂ ಗೆಲ್ಲುವ ಬಯಕೆಯಿಂದ ಹೊರಟು, ಮೊಟ್ಟಮೊದಲಿಗೆ ನವಸಾರಿಕಾ ವಿಷಯದ, ಎಂದರೆ ಪ್ರಾಂತದ, ಮೇಲೆಯೇ ಬಿದ್ದಿತಂತೆ. ಮುಂದೆ ಬರುವುದು ಕಾಳಗದ ವರ್ಣನೆ: ಕುದುರೆಗಳ ಖುರಪುಟದಿಂದೆದ್ದ ಧೂಳು ದಿಕ್ಕುಗಳನ್ನು ಮುಚ್ಚುತ್ತದೆ, ಬಾಣ ಮುದ್ಗರಗಳು ಸುರಿಯುತ್ತವೆ, ಒಡೆಯನ ಋಣವನ್ನು ತಲೆಯಿತ್ತು ತೀರಿಸಿದೆವೆಂಬ ಹಿಗ್ಗಿನಿಂದಲೋ ಎಂಬಂತೆ, ರುಂಡವಿಲ್ಲದ ಮುಂಡಗಳು ಭೇರಿಯ ನಾದಕ್ಕೆ ಕುಣಿಯುತ್ತವೆ. ಪ್ರಶಸ್ತಿಕಾರನ ಅತ್ಯುಕ್ತಿಯೇ ಇದು, ನಿಜ. ಆದರೆ ಕೂಡ್ಲಿಗಿ, ಹರಪನಹಳ್ಳಿಗಳ ಹಳ್ಳಿಹಳ್ಳಿಯಲ್ಲಿಯೂ ವೀರಗಲ್ಲುಗಳನ್ನು ಕಂಡು ಬೆಳೆದ ನಮಗೆ, ಒಡೆಯನಿಗಾಗಿ ತಲೆಯನ್ನೊಪ್ಪಿಸುವ ಆ ಭಾವವು ಅಪರಿಚಿತವೆನಿಸದು.

ಈ ವಿಜಯವನ್ನು ಮೆಚ್ಚಿ ಶ್ರೀವಲ್ಲಭ ನರೇಂದ್ರನು, ಎಂದರೆ ಬಾದಾಮಿಯ ಚಕ್ರವರ್ತಿ ಇಮ್ಮಡಿ ವಿಕ್ರಮಾದಿತ್ಯನು, ಪುಲಕೇಶಿಗೆ ನಾಲ್ಕು ಬಿರುದುಗಳನ್ನಿತ್ತನು. ದಕ್ಷಿಣಾಪಥಕ್ಕೆ ಆಧಾರಸ್ತಂಭ, ಚಾಲುಕ್ಯ ಕುಲಕ್ಕೆ ಅಲಂಕಾರ, ಪೃಥ್ವೀವಲ್ಲಭ ಎಂಬ ಮೂರರ ಜೊತೆಗೆ, ಹಿಮ್ಮೆಟ್ಟದವರನ್ನು ಹಿಮ್ಮೆಟ್ಟಿಸಿದವನು ಎಂಬರ್ಥದ 'ಅನಿವರ್ತಕನಿವರ್ತಯಿತೃ' ಎಂಬುದು ನಾಲ್ಕನೆಯದು. ಎದುರಾಳಿಯನ್ನು ಕೀಳುಗಳೆಯದೆ, ಅವನು ಅಜೇಯನೆಂದೆನಿಸಿದ್ದವನೇ ಎಂದು ಒಪ್ಪಿಕೊಂಡು ಕೊಟ್ಟ ಬಿರುದಿದು. ನಾಲ್ಕರಲ್ಲಿ ಇದೇ ನನಗೆ ಹೆಚ್ಚಿನದಾಗಿ ಕಾಣುತ್ತದೆ. ಕಂಚಿಯನ್ನು ಗೆದ್ದೂ ಲೂಟಿ ಮಾಡದೆ, ಅಲ್ಲಿಯ ಕೈಲಾಸನಾಥನ ಗುಡಿಯಲ್ಲಿ ಕನ್ನಡ ಶಾಸನವನ್ನು ಕೆತ್ತಿಸಿ ಬಂದ ದೊರೆಯೇ ಇದನ್ನಿತ್ತವನೆಂಬುದೂ ನೆನೆಯತಕ್ಕ ಮಾತು. ಖಲೀಫರ ದಂಡನ್ನು ಎದುರಿಸಿದವನು ಪುಲಕೇಶಿಯೊಬ್ಬನೇ ಅಲ್ಲ. ಭರುಚ್ಚಿನ ಗುರ್ಜರ ಜಯಭಟನು ವಲಭಿಯಲ್ಲಿ ತಾಜಿಕರನ್ನು ಗೆದ್ದೆನೆಂದು ಹೇಳಿಕೊಂಡಿದ್ದಾನೆ. ಪ್ರತೀಹಾರ ನಾಗಭಟನ ಕೀರ್ತಿಯೂ ಇದೇ ಬಗೆಯದು. ರಾಷ್ಟ್ರಕೂಟ ದಂತಿದುರ್ಗನು ನವಸಾರಿಯಲ್ಲಿ ಚಾಲುಕ್ಯರ ಪಕ್ಕದಲ್ಲಿ ನಿಂತು ಕಾದಿದನೆಂದು ಊಹಿಸುವ ವಿದ್ವಾಂಸರೂ ಉಂಟು.

ಗೆದ್ದವರೂ ಸೋತವರೂ ಬಹುಕಾಲ ಉಳಿಯಲಿಲ್ಲ. 750ರಲ್ಲಿ ಉಮಯ್ಯದರನ್ನು ಅಬ್ಬಾಸಿಗಳು ಉರುಳಿಸಿದರು. ಕೆಲವೇ ವರ್ಷಗಳಲ್ಲಿ ಅದೇ ದಂತಿದುರ್ಗನು ಬಾದಾಮಿಯ ಪ್ರಭುತ್ವವನ್ನು ಮುರಿದನು. ಲಾಟದ ಶಾಖೆಯ ಹೆಸರು ಬಳಿಕ ಕೇಳಿಬರುವುದಿಲ್ಲ. ಎರಡು ಶತಮಾನಗಳು ಕಳೆದು 973ರಲ್ಲಿ ತೈಲಪನು ರಾಷ್ಟ್ರಕೂಟರನ್ನು ತೆಗೆದುಹಾಕಿದಾಗ, ಅವನ ವಂಶದವರಾದ ಕಲ್ಯಾಣದ ಅರಸರು ತಾವು ಬಾದಾಮಿಯವರ ಸಂತತಿಯೆಂದೇ ಸಾರಿಕೊಂಡರು. ಹರಪನಹಳ್ಳಿಯ ಬಾಗಳಿಯಲ್ಲಿ 987ರಲ್ಲಿ ದುಗ್ಗಿಮಯ್ಯನು ಕಲ್ಲೇಶ್ವರನ ಪ್ರತಿಷ್ಠೆ ಮಾಡಿಸಿದುದು ಆ ತೈಲಪನ ಆಳಿಕೆಯಲ್ಲಿಯೇ. ಕೊಟ್ಟೂರಿನ ಸಮೀಪದ ಅಂಬಳಿ, ಹಗರಿಬೊಮ್ಮನಹಳ್ಳಿಯ ಕೋಗಳಿ, ಹಡಗಲಿಯ ಮಾಗಳ, ಈ ಊರುಗಳೆಲ್ಲ ಆ ಎರಡನೆಯ ಚಾಲುಕ್ಯ ಕಾಲದ ವೈಭವವನ್ನು ಕಂಡವು.

ನವಸಾರಿಯ ಶಾಸನವು ತಾಜಿಕರ ಮತದ ವಿಷಯವಾಗಿ ಒಂದು ಮಾತನ್ನೂ ಆಡುವುದಿಲ್ಲ. ಅದು ಕಂಡದ್ದು ನಾಡನ್ನು ಕಬಳಿಸಬಂದ ಸೈನ್ಯವನ್ನು. ದೂಷಿಸಿದ್ದೂ ಹಿಂದಟ್ಟಿದ್ದೂ ಅದನ್ನೇ. ಇದಕ್ಕೆ ಸಾಕ್ಷಿ ಬೇಕೆಂಬವರು ಅದೇ ಕರಾವಳಿಯ ಚಿಂಚಣಿಯಲ್ಲಿ ದೊರೆತ ಕ್ರಿ.ಶ. 926ರ ತಾಮ್ರಪಟವನ್ನು ಓದಬೇಕು. ನವಸಾರಿಯಿಂದ ತೆಂಕಣಕ್ಕಿರುವ ಸಂಜಾನದಲ್ಲಿ, ಕನ್ನಡ ನಾಡಿನ ರಾಷ್ಟ್ರಕೂಟ ಚಕ್ರವರ್ತಿಗಳ ಪರವಾಗಿ ಆಗ ಆಳುತ್ತಿದ್ದವನು ಮಧುಮತಿ, ಎಂದರೆ ಮುಹಮ್ಮದ್, ಎಂಬ ತಾಜಿಕ. ಹೊಳೆಗಳನ್ನು ದಾಟುವವರಿಗೆ ಅವನು ಸುಂಕವಿಲ್ಲದ ದೋಣಿಗಳನ್ನಿಡಿಸಿದನು; ಸತ್ರವನ್ನು ಕಟ್ಟಿಸಿ ಅನ್ನ, ವ್ಯಂಜನ, ತುಪ್ಪಗಳನ್ನು ಬಂದವರಿಗೆಲ್ಲ ಬಡಿಸಿದನು; ಅಣ್ಣಯ್ಯನೆಂಬ ಬ್ರಾಹ್ಮಣನು ಕಟ್ಟಿಸಿದ ಮಠಿಕೆಗೆ ಭೂಮಿ ಸಲ್ಲುವಂತೆ ಮಾಡಿದನು.