ಅಜ್ಜಿಯ ಒಲೆ ಅಜ್ಜಿಗೇ ಇರಲಿ

ಕಣ್ಣಿನ ಶಿಬಿರ ಎಂದರೆ ಹಳೆಯ ತಲೆಮಾರಿನವರಿಗೆ ಈಗಲೂ ನೆನಪಾಗುವುದು ಡಾ. ಎಂ.ಸಿ. ಮೋದಿ. ಊರೂರಿಗೆ ಹೋಗಿ, ಸಾಲಾಗಿ ಮಲಗಿಸಿ ಪೊರೆ ತೆಗೆಯುತ್ತಿದ್ದ ಅವರನ್ನು ಜನ ‘ಕಣ್ಣು ಕೊಟ್ಟ ಅಣ್ಣ’ ಎಂದೇ ಕರೆದರು. ಹಿರಿಯರಿಗೆ ಕಣ್ಣು ಮಂಜಾದರೆ ‘ಪೊರೆ ಬಂದಿರಬೇಕು, ಆಪರೇಷನ್ ಮಾಡಿಸಿದರಾಯಿತು’ ಎನ್ನುವುದು ಇಂದಿಗೂ ಮನೆಮನೆಯ ಮಾತು. ಪೊರೆಯೇ ಆಗಿದ್ದರೆ ಮಾತು ಸರಿ. ಆದರೆ ಗ್ಲಾಕೋಮಾದಿಂದ ಸತ್ತ ನರ ಮತ್ತೆ ಚಿಗುರುವುದಿಲ್ಲ. ಸಕ್ಕರೆ ಕಾಯಿಲೆಯಿಂದ ಕೆಟ್ಟ ರೆಟಿನಾ, ವಯಸ್ಸಿಗೆ ಸವೆದ ಮ್ಯಾಕ್ಯುಲಾ (ರೆಟಿನಾದ ನಡುಭಾಗ) ಇವಕ್ಕೆ ಇಂಜೆಕ್ಷನ್, ಲೇಸರ್ ಎಲ್ಲ ಉಂಟು. ಅವು ಮುಖ್ಯವಾಗಿ ಉಳಿದ ದೃಷ್ಟಿಯನ್ನು ಕಾಯುವುದಕ್ಕೆ. ‘ಇನ್ನು ಇಷ್ಟೇ’ ಎಂದು ಡಾಕ್ಟರು ಹೇಳಿ ಕಳಿಸಿದ ಮೇಲೆ ಮನೆಯಲ್ಲಿ ಬದುಕುವುದು ಹೇಗೆ? ಆ ಪ್ರಶ್ನೆಯನ್ನು ಕೈಗೆತ್ತಿಕೊಳ್ಳುವ ವಿದ್ಯೆಯೇ ಆಕ್ಯುಪೇಷನಲ್ ಥೆರಪಿ.

ನಮ್ಮಲ್ಲಿ ಇದು ಹೊಸದೇನಲ್ಲ. ಅಮೆರಿಕದಲ್ಲಿ ಹುಟ್ಟಿ ಭಾರತದ ಸೊಸೆಯಾಗಿ ಬಂದ ಕಮಲಾ ನಿಂಬ್ಕರ್ 1950ರಲ್ಲಿ ಮುಂಬೈಯಲ್ಲಿ ಇದರ ಮೊದಲ ಶಾಲೆ ತೆರೆದರು. ಮಣಿಪಾಲದಲ್ಲಿ ಇದಕ್ಕೆ ಪದವಿ ಕೋರ್ಸೇ ಇದೆ. ಪಾರ್ಶ್ವವಾಯು ಬಡಿದವರ ಕೈ, ಆಟಿಸಂ ಇರುವ ಮಕ್ಕಳು ಎಂದರೆ ಜನಕ್ಕೆ ಥೆರಪಿಸ್ಟ್ ನೆನಪಾಗುತ್ತಾರೆ. ಕಣ್ಣು ಎಂದರೆ ಆಗುವುದಿಲ್ಲ.

ಥೆರಪಿಸ್ಟ್ ಕೇಳುವ ಮೊದಲ ಪ್ರಶ್ನೆ ಗೋಡೆಯ ಮೇಲಿನ ಅಕ್ಷರದ ಬಗ್ಗೆ ಅಲ್ಲ. ‘ಯಾವ ಕೆಲಸ ಬಿಟ್ಟಿರಿ, ಯಾವುದು ಮತ್ತೆ ಬೇಕು?’ ಎಂಬುದು. ಒಬ್ಬರಿಗೆ ಪೇಪರ್ ಓದಬೇಕು, ಇನ್ನೊಬ್ಬರಿಗೆ ಯಾರನ್ನೂ ಕರೆಯದೆ ರಾತ್ರಿ ಬಚ್ಚಲಿಗೆ ಹೋಗಿಬರಬೇಕು. ಉತ್ತರ ಯಾವುದೋ ಪಾಠವೂ ಅಲ್ಲಿಂದಲೇ ಶುರು.

ಮ್ಯಾಕ್ಯುಲಾ ಕೆಟ್ಟರೆ ನೋಟದ ನಡುಭಾಗ ಹೋಗುತ್ತದೆ, ಅಂಚು ಉಳಿಯುತ್ತದೆ. ಎದುರಿಗೆ ನಿಂತ ಮಗನ ಮುಖ ತಿಳಿಯದು, ನೆಲದ ಮೇಲೆ ಬಿದ್ದ ಗುಂಡುಸೂಜಿ ಕಂಡರೂ ಕಾಣಬಹುದು. ‘ಸೂಜಿ ಕಾಣುತ್ತೆ, ನನ್ನ ಮುಖ ಮಾತ್ರ ಕಾಣಲ್ವಾ ಅತ್ತೆ?’ ಎಂಬ ಕೊಂಕು ಹುಟ್ಟುವುದು ಇಲ್ಲೇ. ಅತ್ತೆ ನಾಟಕ ಆಡುತ್ತಿಲ್ಲ. ಕಣ್ಣನ್ನು ಸ್ವಲ್ಪ ಓರೆ ಮಾಡಿ, ಗಟ್ಟಿಯಿರುವ ಅಂಚಿನಿಂದ ಮುಖವನ್ನೋ ಅಕ್ಷರವನ್ನೋ ಹಿಡಿಯುವುದನ್ನು ವಾರಗಟ್ಟಲೆ ಅಭ್ಯಾಸ ಮಾಡಿಸಬಹುದು. ಗ್ಲಾಕೋಮಾದಲ್ಲಿ ಸಾಮಾನ್ಯವಾಗಿ ಇದರ ತಿರುವುಮುರುವು: ಪೇಪರ್ ಓದಬಲ್ಲ ಅಜ್ಜ ಬಾಗಿಲ ಚೌಕಟ್ಟಿಗೆ ಭುಜ ಬಡಿಸಿಕೊಳ್ಳುತ್ತಾರೆ. ಅವರು ಕಲಿಯಬೇಕಾದದ್ದು ನಡೆಯುವಾಗ ತಲೆಯನ್ನು ಎಡಬಲ ತಿರುಗಿಸುತ್ತ ದಾರಿ ನೋಡುವುದನ್ನು.

ಇನ್ನು ಅಡುಗೆಮನೆ. ಅರವತ್ತರ ವಯಸ್ಸಿನ ರೆಟಿನಾಕ್ಕೆ ತಲುಪುವ ಬೆಳಕು ಇಪ್ಪತ್ತರವರಿಗೆ ಹೋಲಿಸಿದರೆ ಸುಮಾರು ಮೂರನೇ ಒಂದು ಭಾಗ. ಹಾಗೆಂದು ಇನ್ನೊಂದು ಟ್ಯೂಬ್‌ಲೈಟ್ ಹಾಕಿಸಿದರೆ ಸ್ಟೀಲ್ ಪಾತ್ರೆಗಳೆಲ್ಲ ಝಗ್ಗೆಂದು ಕಣ್ಣು ಕುಕ್ಕುತ್ತವೆ. ಬೆಳಕು ಬೇಕಿರುವುದು ಕೈ ಕೆಲಸ ಮಾಡುವ ಜಾಗದ ಮೇಲೆ, ಪಕ್ಕದಿಂದ, ಬಲ್ಬು ಕಣ್ಣಿಗೆ ಬೀಳದ ಹಾಗೆ. ಬಣ್ಣದ್ದೂ ಅದೇ ಲೆಕ್ಕ. ಬಿಳಿ ತಟ್ಟೆಯಲ್ಲಿ ಮೊಸರನ್ನ ಕಾಣೆಯಾಗುತ್ತದೆ, ರಾಗಿಮುದ್ದೆ ಎದ್ದು ಕಾಣುತ್ತದೆ. ಮೊಸರನ್ನಕ್ಕೆ ಕಡುಬಣ್ಣದ ತಟ್ಟೆ ತಂದರೆ ಅರ್ಧ ಸಮಸ್ಯೆ ಮುಗಿಯಿತು. ಗ್ಯಾಸ್ ಒಲೆಯ ತಿರುಗಣೆ ‘ಆಫ್’ ಆಗುವ ಜಾಗದಲ್ಲಿ ಎಂ-ಸೀಲಿನ ಒಂದು ಉಬ್ಬು ಚುಕ್ಕೆ. ಪಾತ್ರೆ ಇಟ್ಟ ಮೇಲಷ್ಟೇ ಒಲೆ ಹಚ್ಚುವ ರೂಢಿ. ಬೆಳಗಿನ ಮಾತ್ರೆಯ ಡಬ್ಬಿಗೆ ಒಂದು ರಬ್ಬರ್ ಬ್ಯಾಂಡ್, ರಾತ್ರಿಯದಕ್ಕೆ ಎರಡು. ಕೆಂಪು ಗಾರೆ ನೆಲದ ಮನೆಯಲ್ಲಿ ಮೆಟ್ಟಿಲಿನ ಅಂಚಿಗೆ ಹಳದಿ ಪಟ್ಟಿ. ಇದಕ್ಕೆಲ್ಲ ತಗಲುವ ಖರ್ಚು ಒಂದು ಒಳ್ಳೆಯ ಕನ್ನಡಕಕ್ಕಿಂತ ಕಡಿಮೆ.

ಅಂಗಡಿಗೆ ಹೋದರೆ ನೋಟಿನ ಗುರುತು ಬೇಕು. ಹೊಸ 100, 200, 500ರ ನೋಟುಗಳ ಅಗಲ ಒಂದೇ. ಉದ್ದ 142, 146, 150 ಮಿಲಿಮೀಟರ್. ನಾಲ್ಕೇ ಮಿಲಿಮೀಟರ್ ಅಂತರವನ್ನು ಬೆರಳು ಅಳೆಯಬೇಕು ಎನ್ನುವುದು, ನನ್ನ ಪ್ರಕಾರ, ಹಿರಿಯರ ಮೇಲೆ ಹೊರಿಸಿದ ಅತಿಯಾದ ನಿರೀಕ್ಷೆ. ಅಂಚಿನ ಉಬ್ಬು ಗೆರೆಗಳೂ ಹಳೆಯ ನೋಟಿನಲ್ಲಿ ಸವೆದುಹೋಗಿರುತ್ತವೆ. ರಿಸರ್ವ್ ಬ್ಯಾಂಕ್ 2020ರಲ್ಲಿ ತಂದ ‘ಮನಿ’ ಆ್ಯಪ್ ನೋಟನ್ನು ಗುರುತಿಸಿ ಹೇಳುತ್ತದೆ. ಫೋನಿನಲ್ಲಿ ಅದನ್ನು ಹಾಕಿಕೊಟ್ಟು ಕಲಿಸುವ ತಾಳ್ಮೆ ಮೊಮ್ಮಕ್ಕಳಿಗಿರಬೇಕು, ಅಷ್ಟೇ.

ಯಾರೂ ಬಾಯಿಬಿಡದ ಸಂಗತಿ ಒಂದಿದೆ. ದೃಷ್ಟಿ ಕುಂದಿದ ಕೆಲವರಿಗೆ ಇಲ್ಲದ ಜನ, ಹೂಬಳ್ಳಿ, ಚಿತ್ತಾರ ಕಾಣಿಸುತ್ತವೆ. ಸ್ವಿಟ್ಜರ್ಲೆಂಡಿನ ಶಾರ್ಲ್ ಬೊನೆ 1760ರಲ್ಲೇ ತನ್ನ ತಾತನಿಗೆ ಹೀಗಾದದ್ದನ್ನು ಬರೆದಿಟ್ಟ. ಆ ಸ್ಥಿತಿಗೆ ಅವನದೇ ಹೆಸರು. ನೋಟದ ಸುದ್ದಿ ಬಾರದಾದಾಗ ಮಿದುಳು ತಾನೇ ಚಿತ್ರ ಕಟ್ಟುತ್ತದೆ. ಇದು ಹುಚ್ಚೂ ಅಲ್ಲ, ಗಾಳಿ ಸೋಕಿದ್ದೂ ಅಲ್ಲ. ಹೇಳಿದರೆ ಮರುಳೆನ್ನುತ್ತಾರೆಂದು ಹಿರಿಯರು ಸುಮ್ಮನಿರುತ್ತಾರೆ. ಡಾಕ್ಟರಿಗೆ ತಿಳಿಸಲೇಬೇಕು. ‘ಇದು ಕಣ್ಣಿನದೇ’ ಎಂಬ ಒಂದು ಮಾತಿನಿಂದಲೇ ಎಷ್ಟೋ ಜನರ ಹೆದರಿಕೆ ಇಳಿಯುತ್ತದೆ.

ನಾವು ಪ್ರೀತಿಯಿಂದಲೇ ಮಾಡುವ ಕೇಡು ಇನ್ನೊಂದು. ಕಣ್ಣು ಕಾಣದೆಂದು ಸೌಟು, ಚಾಕು, ಸಂತೆಯ ಚೀಲ ಎಲ್ಲವನ್ನೂ ಕಸಿದು, ‘ನೀವು ಕೂತಿರಿ ಅಮ್ಮ’ ಎನ್ನುತ್ತೇವೆ. ಕೂತವರ ಕಾಲಿನ ಬಲ ಕುಗ್ಗುತ್ತದೆ, ಎದ್ದಾಗ ಬೀಳುತ್ತಾರೆ, ಸೊಂಟದ ಮೂಳೆ ಮುರಿಯುತ್ತದೆ. ಕೆಲಸ ಬಿಡಿಸುವ ಬದಲು ಕೆಲಸದ ಜಾಗ ಬದಲಿಸಿ ಎನ್ನುತ್ತಾರೆ ಥೆರಪಿಸ್ಟರು. ನನಗೂ ಅದೇ ಸರಿ ಎನಿಸುತ್ತದೆ.

ತಾಲ್ಲೂಕು ಆಸ್ಪತ್ರೆಯಲ್ಲಿ ಪೊರೆ ಆಪರೇಷನ್‌ಗೆ ದಾರಿಯುಂಟು. ಈ ವಿದ್ಯೆಗೆ ದೊಡ್ಡ ಊರಿಗೇ ಹೋಗಬೇಕಾದವರು ಹೆಚ್ಚು. ಆದ್ದರಿಂದ ‘ಇನ್ನು ಇಷ್ಟೇ’ ಎಂದ ಕಣ್ಣಿನ ಡಾಕ್ಟರನ್ನು ಎರಡು ವಿಷಯ ಕೇಳಿಯೇ ಎದ್ದು ಬನ್ನಿ. ಹತ್ತಿರದ ಲೋ ವಿಷನ್ (ಮಂದದೃಷ್ಟಿ) ಕ್ಲಿನಿಕ್ ಎಲ್ಲಿದೆ? ಅಂಗವಿಕಲರ ಹಕ್ಕುಗಳ ಕಾಯ್ದೆ, 2016ರಲ್ಲಿ ಮಂದದೃಷ್ಟಿಯೂ ಸೇರಿದೆ. ನಮಗೆ ಪ್ರಮಾಣಪತ್ರ ಸಿಗುತ್ತದೆಯೇ? ಕ್ಲಿನಿಕ್ಕಿಗೆ ಹೋಗುವಾಗ ಮನೆಯಲ್ಲಿರುವ ಹಳೆಯ ಕನ್ನಡಕಗಳು, ಮಾತ್ರೆಗಳು, ಹಿರಿಯರು ಓದಲು ಬಯಸುವ ಪುಸ್ತಕ, ಅಡುಗೆಮನೆ ಮತ್ತು ಬಚ್ಚಲಿನ ಒಂದೆರಡು ಫೋಟೊ ಜೊತೆಗಿರಲಿ.